ಡಿಸರ್ಟೇಶನ್‌ಗೆ ಪ್ರೈಮರಿ, ಸೆಕೆಂಡರಿ ಡೇಟಾ ಎರಡೂ ಬೇಕೇನು? (ಕಲಬುರಗಿ ಹಾಸ್ಟೆಲ್ ವಿದ್ಯಾರ್ಥಿಗಳ ಒತ್ತಡ, ಖಿನ್ನತೆ)

ತೊಗರಿ_ಕಣಜ, ಕಲಬುರಗಿ

ಎಲ್ಲಾರಿಗೂ ನಮಸ್ಕಾರ. ಎಂ.ಎ. ಸೈಕಾಲಜಿ ಕೊನೇ ಸೆಮಿಸ್ಟರ್ ಡಿಸರ್ಟೇಶನ್ ಮಾಡ್ಲಿಕತ್ತೀನಿ. ವಿಷಯ: ಕಲಬುರಗಿ ನಗರದ ಸರ್ಕಾರಿ ಹಾಸ್ಟೆಲ್‌ಗಳಾಗ ಇದ್ದು ಡಿಗ್ರಿ ಓದೋ ಹುಡುಗ್ರು, ಹುಡುಗ್ಯಾರ ಒತ್ತಡ ಮತ್ತ ಖಿನ್ನತೆ. ಒತ್ತಡ ಅಳೀಲಿಕ್ಕ ಪಿಎಸ್‌ಎಸ್-10, ಖಿನ್ನತೆಗೆ ಪಿಎಚ್‌ಕ್ಯೂ-9 ಅನ್ನೋ ಸಿದ್ಧ ಪ್ರಶ್ನಾವಳಿ (ಮಾಪಕ) ತಗೋಬೇಕಂತ ಅದ.

ಸಿನಾಪ್ಸಿಸ್ ಒಳಗ "ಪ್ರಾಥಮಿಕ ದತ್ತಾಂಶ: ಪ್ರಶ್ನಾವಳಿ. ದ್ವಿತೀಯಕ ದತ್ತಾಂಶ: ಪುಸ್ತಕ, ಜರ್ನಲ್, ಅಂತರ್ಜಾಲ" ಅಂತ ಬರದೀನಿ. ಲೈಬ್ರರಿಯೊಳಗಿನ ಹಳೇ ಡಿಸರ್ಟೇಶನ್‌ಗಳಾಗೂ ಹಂಗೇ ಅದ. ಇದು ಖರೇನೇ ಸೆಕೆಂಡರಿ ಡೇಟಾ ಆಗ್ತದೇನು? ಎರಡೂ ಇರಲೇಬೇಕಂತ ನಿಯಮ ಏನರ ಅದ? ಬೀದರ್, ಯಾದಗಿರಿ ಜಿಲ್ಲೆಗಳ ಸರ್ಕಾರಿ ಅಂಕಿ-ಅಂಶ ಪಕ್ಕಕ್ಕಿಟ್ಟು ಹೋಲಿಕಿ ಮಾಡಬಹುದಾ?

ಇನ್ನೊಂದು. ಗೂಗಲ್ ಫಾರ್ಮ್ ಮಾಡಿ ಹಾಸ್ಟೆಲ್ ವಾಟ್ಸಾಪ್ ಗ್ರೂಪಿಗೆ ಹಾಕಿ 100 ಮಂದಿ ಉತ್ತರ ತಗೊಂಡ್ರ ಸಾಕಾಗ್ತದ? ಹುಡುಗ್ರು-ಹುಡುಗ್ಯಾರ ಸರಾಸರಿ ಹೋಲಿಸಬೇಕು. ಏಪ್ರಿಲ್‌ದಾಗ ಡೇಟಾ ತಗೋಳೋದು, ಒಟ್ಟು ನಾಕು ತಿಂಗಳ ಟೈಮ್ ಅದ. ತಿಳಿದವರು ಬಿಡಿಸಿ ಹೇಳ್ರಿ.

ಭೀಮಾ_ದಂಡೆ

ಮೊದಲು ಮುಖ್ಯವಾದದ್ದು: ಪುಸ್ತಕ, ಜರ್ನಲ್, ಅಂತರ್ಜಾಲ ಇವು ಸೆಕೆಂಡರಿ ಡೇಟಾ ಅಲ್ಲ. ಆ ಸಾಲನ್ನು ಸಿನಾಪ್ಸಿಸ್‌ನಿಂದ ತೆಗೆದುಬಿಡಿ. ಹಳೆಯ ಡಿಸರ್ಟೇಶನ್‌ಗಳಿಂದ ಹೊಸದಕ್ಕೆ ನಕಲಾಗುತ್ತ ಬಂದ ಸಾಲು ಅದು. ನೀವು ಓದುವ ಲೇಖನಗಳು ಸಾಹಿತ್ಯ ಸಮೀಕ್ಷೆಗೆ ಸೇರಿದವು. ಬೇರೆ ಯಾರೋ ಬೇರೆ ಉದ್ದೇಶಕ್ಕೆ ಸಂಗ್ರಹಿಸಿಟ್ಟ ಮಾಹಿತಿಯನ್ನು ತಂದು, ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಲು ನೀವೇ ವಿಶ್ಲೇಷಣೆ ಮಾಡಿದರೆ ಮಾತ್ರ ಅದು ಸೆಕೆಂಡರಿ ಡೇಟಾ. ಪರೀಕ್ಷಿಸಿಕೊಳ್ಳುವುದು ಸುಲಭ. ಆ ಅಂಕಿ ನಿಮ್ಮ ಎರಡನೇ ಅಧ್ಯಾಯದಲ್ಲಿ ಯಾರದೋ ತೀರ್ಮಾನವಾಗಿ ಬಂದರೆ ಸಾಹಿತ್ಯ. ನಾಲ್ಕನೇ ಅಧ್ಯಾಯದಲ್ಲಿ ನಿಮ್ಮ ಕೋಷ್ಟಕದ ಕಚ್ಚಾ ವಸ್ತುವಾಗಿ ಬಂದರೆ ಡೇಟಾ. ಮೆಟಾ-ಅನಾಲಿಸಿಸ್ (ಹಲವು ಅಧ್ಯಯನಗಳ ಫಲಿತಾಂಶ ಒಟ್ಟುಗೂಡಿಸುವ ವಿಶ್ಲೇಷಣೆ) ಒಂದರಲ್ಲಿ ಮಾತ್ರ ಪ್ರಕಟಿತ ಲೇಖನಗಳ ಅಂಕಿಗಳೇ ಡೇಟಾ ಆಗುತ್ತವೆ. ನೀವು ಅದನ್ನು ಮಾಡುತ್ತಿಲ್ಲ.

ಸಮಾಜಶಾಸ್ತ್ರಜ್ಞ ಡರ್ಖೈಮ್ 1897ರಲ್ಲಿ ಆತ್ಮಹತ್ಯೆಯ ಬಗ್ಗೆ ಬರೆದದ್ದು ಪೂರ್ತಿ ಸೆಕೆಂಡರಿ ಡೇಟಾ ಮೇಲೆಯೇ. ಯುರೋಪಿನ ಸರ್ಕಾರಗಳು ಆಡಳಿತಕ್ಕೆಂದು ಬರೆದಿಟ್ಟ ಸಾವಿನ ಲೆಕ್ಕವನ್ನು ಆತ ತನ್ನ ಪ್ರಶ್ನೆಗೆ ಬಳಸಿಕೊಂಡ. ಅದೇ ಕಡತ ಬರೆದುಕೊಂಡವರಿಗೆ ಪ್ರೈಮರಿ, ಆತನಿಗೆ ಸೆಕೆಂಡರಿ. ಹಾಗಾಗಿ ಹೆಸರು ಕಡತಕ್ಕೆ ಅಂಟಿಕೊಂಡಿಲ್ಲ, ಅದನ್ನು ಯಾರು ಯಾವ ಪ್ರಶ್ನೆಗೆ ಬಳಸುತ್ತಾರೆ ಎಂಬುದಕ್ಕೆ ಅಂಟಿಕೊಂಡಿದೆ.

ಎರಡೂ ಇರಲೇಬೇಕೆಂಬ ನಿಯಮ ಸಂಶೋಧನಾ ವಿಧಾನದಲ್ಲಿ ಎಲ್ಲೂ ಇಲ್ಲ. ಪ್ರಶ್ನೆ ಏನು ಕೇಳುತ್ತದೋ ಅದಕ್ಕೆ ತಕ್ಕ ಡೇಟಾ. ನಿಮ್ಮ ವಿಷಯಕ್ಕೆ ಸಿದ್ಧ ಸೆಕೆಂಡರಿ ಡೇಟಾ ಸಿಗುತ್ತದೆಯೇ ಎಂದು ಒಂದೊಂದಾಗಿ ನೋಡಿ.

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 2015-16: ನಡೆಸಿದ್ದು ನಿಮ್ಹಾನ್ಸ್, 12 ರಾಜ್ಯಗಳಲ್ಲಿ. ಆ 12ರಲ್ಲಿ ಕರ್ನಾಟಕ ಇಲ್ಲ. ಪೂರ್ವಭಾವಿ ಅಧ್ಯಯನ ಮಾತ್ರ ಕೋಲಾರದಲ್ಲಿ ನಡೆದಿತ್ತು. ಅದರ ಶೇಕಡಾವಾರನ್ನು "ಕರ್ನಾಟಕದಲ್ಲಿ" ಎಂದು ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ವಯಸ್ಸಾಗುತ್ತಿರುವವರ ಕುರಿತ ಲಾಸಿ ಸಮೀಕ್ಷೆಯಲ್ಲಿ ಖಿನ್ನತೆಯ ಮಾಪಕ ಇದೆ, ವಿಶ್ಲೇಷಣೆಗೆ ಡೇಟಾ ಕೇಳಿ ಪಡೆಯಬಹುದು, ಆದರೆ ಅದು 45 ವರ್ಷ ದಾಟಿದವರದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್-5ರಲ್ಲಿ (2019-21) ಕಲಬುರಗಿ, ಬೀದರ್, ಯಾದಗಿರಿ ಮೂರಕ್ಕೂ ಜಿಲ್ಲಾ ಫ್ಯಾಕ್ಟ್‌ಶೀಟ್ ಉಂಟು, ಖಿನ್ನತೆಯ ಮಾಪಕ ಇಲ್ಲ. ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ) ವಾರ್ಷಿಕ ಆತ್ಮಹತ್ಯೆ ವರದಿ ರಾಜ್ಯವಾರು ಮತ್ತು 53 ಮಹಾನಗರಗಳ ಲೆಕ್ಕ ಕೊಡುತ್ತದೆ. ಆ ನಗರಗಳಲ್ಲಿ ಕಲಬುರಗಿ ಬರುವುದಿಲ್ಲ. ಜೊತೆಗೆ ಅದು ಪೊಲೀಸ್ ದಾಖಲೆಯಿಂದ ಬಂದದ್ದು, ದಾಖಲಾಗದ ಸಾವು ಅದರಲ್ಲಿರುವುದಿಲ್ಲ.

ಅಂದರೆ ಕಲಬುರಗಿ ಹಾಸ್ಟೆಲಿನ ಇಪ್ಪತ್ತರ ಹುಡುಗಿಯ ಒತ್ತಡ ಎಷ್ಟು ಎಂಬುದಕ್ಕೆ ಯಾವ ಸರ್ಕಾರಿ ಕಡತವೂ ಉತ್ತರ ಕೊಡುವುದಿಲ್ಲ. ಪ್ರೈಮರಿ ಡೇಟಾ ತೆಗೆಯಲು ಇದಕ್ಕಿಂತ ದೊಡ್ಡ ಕಾರಣ ಬೇಡ. ಸಿನಾಪ್ಸಿಸ್‌ನಲ್ಲಿ ಇದನ್ನೇ ಎರಡು ಪ್ಯಾರಾ ಬರೆಯಿರಿ: ಏನೇನು ಲಭ್ಯ ಇದೆ, ಯಾವುದು ಯಾಕೆ ಸಾಲದು. ಆ ಎರಡು ಪ್ಯಾರಾ ನಿಮ್ಮ ಅಧ್ಯಯನದ ಬೆನ್ನೆಲುಬು.

ಬಸವಸಾಗರ

ಜಿಲ್ಲೆ ಹೋಲಿಕೆಯ ಬಗ್ಗೆ ಕೇಳಿದ್ದಿರಿ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ, ಶಹಾಪುರ, ಸುರಪುರ, ಯಾದಗಿರಿ ತಾಲ್ಲೂಕುಗಳು ಸೇರಿ. ಆದ್ದರಿಂದ 2001ರ ಜನಗಣತಿಯ "ಗುಲ್ಬರ್ಗಾ" ಮತ್ತು 2011ರ "ಗುಲ್ಬರ್ಗಾ" ಒಂದೇ ಭೂಪ್ರದೇಶ ಅಲ್ಲ. ಎರಡನ್ನೂ ನೇರ ಹೋಲಿಸಿದರೆ ಬದಲಾವಣೆ ಜನರದ್ದೋ ಗಡಿಯದ್ದೋ ಗೊತ್ತಾಗದು. ಸರಿಪಡಿಸುವ ದಾರಿ: ತಾಲ್ಲೂಕು ಮಟ್ಟದ ಅಂಕಿ ತೆಗೆದುಕೊಂಡು ಹಳೆಯದನ್ನು ಇಂದಿನ ಗಡಿಗೆ ಹೊಂದಿಸಿ ಕೂಡಿಸುವುದು. ಅದರಲ್ಲೂ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ಹೊಸ ತಾಲ್ಲೂಕುಗಳಾದ ಮೇಲೆ ಹಳೆಯ ಚಿತ್ತಾಪುರ, ಜೇವರ್ಗಿ ಲೆಕ್ಕಗಳು ಇಂದಿನ ಹೆಸರಿಗೆ ಕೂಡುವುದಿಲ್ಲ. ಇನ್ನು ಕಡತ ಹುಡುಕುವಾಗ "ಕಲಬುರಗಿ" ಎಂದಷ್ಟೇ ಹಾಕಿದರೆ 2014ರ ನವೆಂಬರ್‌ಗಿಂತ ಹಿಂದಿನವು ಸಿಗಲಾರವು, "ಗುಲ್ಬರ್ಗಾ" ಎಂದೂ ಹುಡುಕಿ.

ಎನ್‌ಎಫ್‌ಎಚ್‌ಎಸ್ ಫ್ಯಾಕ್ಟ್‌ಶೀಟ್‌ನಲ್ಲಿ ಇನ್ನೊಂದು ಕಡೆ ಕಾಲು ಜಾರುತ್ತದೆ. ಗಂಡನಿಂದ ಹಿಂಸೆಯಂಥ ಪ್ರಶ್ನೆಗಳನ್ನು ಶೇ. 15 ಮನೆಗಳಲ್ಲಿ ಮಾತ್ರ ಕೇಳಿದ್ದಾರೆ, ಹಾಗಾಗಿ ಆ ಅಂಕಿ ರಾಜ್ಯ ಮಟ್ಟಕ್ಕೆ ಮಾತ್ರ ನಿಲ್ಲುತ್ತದೆ. ಕಚ್ಚಾ ಕಡತ ಇಳಿಸಿಕೊಂಡು "ಯಾದಗಿರಿಯಲ್ಲಿ ಇಷ್ಟು" ಎಂದು ಲೆಕ್ಕ ಹಾಕಲು ಕಂಪ್ಯೂಟರ್ ಬಿಡುತ್ತದೆ, ಸಮೀಕ್ಷೆಯ ವಿನ್ಯಾಸ ಬಿಡುವುದಿಲ್ಲ. ಬೇರೆ ಯಾವ ಪ್ರಶ್ನೆಗೆ ಆ ಕಡತ ಬಳಸಿದರೂ ಅದರಲ್ಲಿರುವ ತೂಕದ ಕಾಲಂ (ಒಬ್ಬರ ಉತ್ತರವನ್ನು ಎಷ್ಟು ಪಾಲು ಎಣಿಸಬೇಕು ಎಂಬ ಅಂಕಿ) ಹಾಕದೆ ಶೇಕಡಾ ತೆಗೆಯಬೇಡಿ.

ಜಿಲ್ಲೆಯ ಸರಾಸರಿಯಿಂದ ವ್ಯಕ್ತಿಯ ಬಗ್ಗೆ ತೀರ್ಮಾನಕ್ಕೂ ಹೋಗಬಾರದು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 52ರ ಆಸುಪಾಸು, ರಾಜ್ಯದಲ್ಲೇ ಕನಿಷ್ಠ. ಯಾದಗಿರಿಯಿಂದ ಬಂದ ಹತ್ತು ಮಂದಿಯ ಒತ್ತಡ ಹೆಚ್ಚು ಬಂತು ಎಂದುಕೊಳ್ಳಿ. "ಸಾಕ್ಷರತೆ ಕಡಿಮೆ, ಆದ್ದರಿಂದ ಒತ್ತಡ" ಎಂದು ಬರೆಯುವಂತಿಲ್ಲ. ಆ ಹತ್ತು ಮಂದಿ ಡಿಗ್ರಿ ಓದುತ್ತಿದ್ದಾರೆ! ಗುಂಪಿನ ಅಂಕಿಯ ಸಂಬಂಧ ವ್ಯಕ್ತಿಗಳ ಮಟ್ಟದಲ್ಲಿ ತಲೆಕೆಳಗೂ ಆಗಬಹುದು ಎಂದು ಸಮಾಜಶಾಸ್ತ್ರಜ್ಞ ರಾಬಿನ್ಸನ್ 1950ರಲ್ಲೇ ತೋರಿಸಿದ. ಬೇಕಿದ್ದರೆ ಪ್ರತಿ ವಿದ್ಯಾರ್ಥಿಯ ತಂದೆ-ತಾಯಿಯ ಓದು ಎಷ್ಟು ಎಂದು ನೀವೇ ಕೇಳಿ ಬರೆದುಕೊಳ್ಳಿ.

ಬಿದರಿ_ಹೂಜಿ, ಬೀದರ್

ಮಾಪಕದ ಬಗ್ಗೆ ನಾ ಹೇಳ್ತೀನಿ, ಅಲ್ಲೇ ಹೆಚ್ಚಿನ ಪ್ರೈಮರಿ ಡೇಟಾ ಕೆಡ್ತದ.

ಪಿಎಚ್‌ಕ್ಯೂ-9ರ ಕನ್ನಡ ಆವೃತ್ತಿ ಅದರ ಅಧಿಕೃತ ವೆಬ್‌ಸೈಟಿನಾಗೇ ಪುಕ್ಕಟೆ ಸಿಗ್ತದ, ಅನುಮತಿ ಬೇಕಿಲ್ಲ. ಒಂಬತ್ತು ಪ್ರಶ್ನೆ, ಒಂದೊಂದಕ್ಕ 0ರಿಂದ 3, ಒಟ್ಟು 27. ಗಡಿ 5, 10, 15, 20. 10 ಅಥವಾ ಹೆಚ್ಚು ಬಂದ್ರ "ಖಿನ್ನತೆ ಅದ" ಅಂತ ಬರೀಬ್ಯಾಡ್ರಿ. "ಮಧ್ಯಮ ಅಥವಾ ಅದಕ್ಕಿಂತ ತೀವ್ರ ಲಕ್ಷಣಗಳು" ಅಂತ ಬರೀರಿ, ಯಾಕಂದ್ರ ಅದು ಸ್ಕ್ರೀನಿಂಗ್, ರೋಗ ನಿರ್ಣಯ ಅಲ್ಲ.

ಪಿಎಸ್‌ಎಸ್-10ದಾಗ ಹತ್ತು ಪ್ರಶ್ನೆ, 0ರಿಂದ 4, ಒಟ್ಟು 40. ಅದರಾಗ 4, 5, 7, 8ನೇ ಪ್ರಶ್ನೆ ಉಲ್ಟಾ ಇರ್ತಾವ: 0 ಬಂದ್ರ 4, 1 ಬಂದ್ರ 3 ಹಿಂಗ ತಿರುಗಿಸಿ ಕೂಡಿಸಬೇಕು. ಇದನ್ನ ಮರೆತ್ರ ಕ್ರೋನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದ್ತಾವ ಅನ್ನೋ ಅಂಕಿ) ಧಡಕ್ಕಂತ ಬೀಳ್ತದ, ಒಮ್ಮೊಮ್ಮೆ ಮೈನಸ್ಸಿಗೂ ಹೋಗ್ತದ. ಆಲ್ಫಾ ಮೈನಸ್ ಬಂತಂದ್ರ ಮಾಪಕ ಬೈಬ್ಯಾಡ್ರಿ, ಮೊದ್ಲು ಈ ನಾಕು ಪ್ರಶ್ನೆ ನೋಡ್ರಿ. ಮತ್ತ ಮೂಲ ಲೇಖನದ ಆಲ್ಫಾ ನಕಲು ಮಾಡಿ ಹಾಕಿದ್ರ ಆಗಂಗಿಲ್ಲ, ನಿಮ್ಮ ಡೇಟಾದ ಆಲ್ಫಾ ನೀವೇ ತೆಗೀಬೇಕು, 0.70ರ ಮ್ಯಾಲ ಇರಬೇಕು.

ಕಾಲಾವಧಿನೂ ಲಕ್ಷ್ಯಕ್ಕಿರಲಿ. ಪಿಎಸ್‌ಎಸ್ ಕೇಳೋದು ಕಳೆದ ಒಂದು ತಿಂಗಳದ್ದು, ಪಿಎಚ್‌ಕ್ಯೂ ಕಳೆದ ಎರಡು ವಾರದ್ದು. ಒಂದೇ ಹಾಳಿ ಮ್ಯಾಲ ಒಂದರ ಹಿಂದ ಒಂದು ಒತ್ತಿ ಛಾಪಿಸಿದ್ರ ಹುಡುಗ್ರು ಎರಡನೇದರ ಸೂಚನೆ ಓದಂಗೇ ಇಲ್ಲ. ಬ್ಯಾರೆ ಪುಟಕ್ಕ ಹಾಕ್ರಿ, ಅವಧಿ ದಪ್ಪ ಅಕ್ಷರದಾಗ ಇರಲಿ.

ಏಪ್ರಿಲ್ ಅಂದ್ರಿ. ಕಲಬುರಗಿ ಏಪ್ರಿಲ್ ಅಂದ್ರ 40 ಡಿಗ್ರಿ ಮ್ಯಾಲ, ರಾತ್ರಿನೂ ಗ್ವಾಡಿ ಬಿಸಿ ಕಾರ್ತಾವ. ಪಿಎಚ್‌ಕ್ಯೂ ಮೂರನೇ ಪ್ರಶ್ನೆ ನಿದ್ದಿ ಬಗ್ಗೆ ಅದ. ಕರೆಂಟ್ ಹೋಗಿ ಫ್ಯಾನ್ ನಿಂತು ನಿದ್ದಿ ಕೆಟ್ಟವ "ಹೆಚ್ಚು ದಿನ" ಅಂತ ಗೀಟು ಹಾಕ್ತಾನ, 2 ಅಂಕ ಏರ್ತದ. ಐದನೇದು ಹಸಿವಿನ ಬಗ್ಗೆ. ಮೆಸ್ಸಿನ ಸಾರು ಸೇರದೆ ಅರ್ಧ ರೊಟ್ಟಿಗೇ ಎದ್ದವಗೂ ಅಲ್ಲಿ ಅಂಕ ಬೀಳ್ತದ. ಹಿಂಗ ಖಿನ್ನತೆ ಇಲ್ಲದವನೂ ಐದರ ಗಡಿ ಮುಟ್ಟಬಹುದು. ಹಂಗಂತ ಪ್ರಶ್ನೆ ತಿದ್ದಬ್ಯಾಡ್ರಿ, ತಿದ್ದಿದ್ರ ಅದು ಪಿಎಚ್‌ಕ್ಯೂ ಆಗಿ ಉಳಿಯಂಗಿಲ್ಲ, ಗಡಿ ಅಂಕಗಳೂ ನಡಿಯಂಗಿಲ್ಲ. ಮಾಪಕ ಮುಗಿದ ಮ್ಯಾಲ ನಿಮ್ಮವೇ ಎರಡು ಪ್ರಶ್ನೆ ಸೇರಿಸ್ರಿ: "ಕಳೆದ ಎರಡು ವಾರದಲ್ಲಿ ಸೆಕೆ ಅಥವಾ ಕರೆಂಟ್ ಹೋದದ್ದರಿಂದ ಎಷ್ಟು ರಾತ್ರಿ ನಿದ್ದೆ ಕೆಟ್ಟಿತು?", "ಊಟ ರುಚಿಸದೆ ಎಷ್ಟು ಹೊತ್ತು ಊಟ ಬಿಟ್ಟಿರಿ?". ಆಮ್ಯಾಲ ಪಿಎಚ್‌ಕ್ಯೂದ ಮೂರನೇ, ಐದನೇ ಪ್ರಶ್ನೆ ಬಿಟ್ಟು ಉಳಿದ ಏಳರ ಮೊತ್ತದಿಂದನೂ ಒಮ್ಮೆ ಹೋಲಿಕಿ ಮಾಡಿ ತೋರಸ್ರಿ. ಫಲಿತಾಂಶ ಅದೇ ದಿಕ್ಕಿಗಿದ್ರ ಧೈರ್ಯದಿಂದ ಬರೀಬಹುದು.

ಫೀಲ್ಡಿಗೆ ಹೋಗೋಕಿಂತ ಮೊದ್ಲು ಆರೇಳು ವಿದ್ಯಾರ್ಥಿಗಳ ಕಡಿಂದ ಒಂದೊಂದೇ ಪ್ರಶ್ನೆ ಓದಿಸಿ "ನಿಮಗೇನು ತಿಳೀತು, ನಿಮ್ಮ ಮಾತಿನಾಗ ಹೇಳ್ರಿ" ಅಂತ ಕೇಳ್ರಿ. ಉರ್ದು ಮೀಡಿಯಂನಿಂದ ಬಂದವರು, ಔರಾದ್-ಭಾಲ್ಕಿ ಕಡೆ ಮರಾಠಿ ಮನಿಯವರು, ಸೇಡಂ ಕಡೆ ತೆಲುಗು ಮನಿಯವರು, ತಾಂಡಾದವರು ಇವರೊಳಗ ಇರಲಿ. ಎಂಟನೇ ಪ್ರಶ್ನೆ ಒಳಗ ಭಾಳ ನಿಧಾನ ಆಗೋದು, ಇಲ್ಲಾಂದ್ರ ಚಡಪಡಿಸೋದು ಅಂತ ಎರಡು ಎದುರುಬದುರು ಸಂಗತಿ ಅದಾವ. ಅಲ್ಲಿ ಬಹಳ ಮಂದಿ ತಡವರಿಸ್ತಾರ, ಯಾವುದೇ ಒಂದಿದ್ರೂ ಗುರುತು ಹಾಕ್ರಿ ಅಂತ ಮೊದ್ಲೇ ಹೇಳ್ರಿ. ಅದಾದ ಮ್ಯಾಲ 30 ಮಂದಿ ಮ್ಯಾಲ ಪೈಲಟ್ (ಪೂರ್ವಪರೀಕ್ಷೆ). ಪೈಲಟ್ ಮಂದಿನ್ನ ಮುಖ್ಯ ಸ್ಯಾಂಪಲ್‌ದಾಗ ಸೇರಿಸಬ್ಯಾಡ್ರಿ.

ಸರಾಸರಿ_ಆಚೆ

100 ಸಾಕೇ ಎಂಬ ಪ್ರಶ್ನೆಗೆ ಲೆಕ್ಕ. ಎರಡು ಗುಂಪಿನ ಸರಾಸರಿ ಹೋಲಿಕೆಯಲ್ಲಿ ಮಧ್ಯಮ ಗಾತ್ರದ ವ್ಯತ್ಯಾಸ (ಕೋಹೆನ್ ಡಿ ಎಂಬ ಅಳತೆಯಲ್ಲಿ 0.5) ಹಿಡಿಯಲು, ಶೇ. 5 ಮಟ್ಟ (ಇಲ್ಲದ ವ್ಯತ್ಯಾಸ ಇದೆಯೆನ್ನುವ ಸಾಧ್ಯತೆ), ಶೇ. 80 ಪವರ್‌ಗೆ (ಇರುವ ವ್ಯತ್ಯಾಸ ಕಣ್ಣಿಗೆ ಬೀಳುವ ಸಾಧ್ಯತೆ) ಗುಂಪಿಗೆ 64, ಒಟ್ಟು 128 ಬೇಕು. ಇದು ಎಲ್ಲರೂ ಪರಸ್ಪರ ಸಂಬಂಧವಿಲ್ಲದೆ ಬಿಡಿಬಿಡಿಯಾಗಿ ಆಯ್ಕೆಯಾದಾಗ. ಒಂದೇ ಹಾಸ್ಟೆಲಿನ ಹುಡುಗರು ಒಂದೇ ಊಟ, ಒಂದೇ ವಾರ್ಡನ್, ಒಂದೇ ನೀರಿನ ತೊಂದರೆ ಹಂಚಿಕೊಂಡಿರುತ್ತಾರೆ. ಅವರ ಉತ್ತರಗಳು ಒಂದರಂತೆ ಇನ್ನೊಂದು ಬರುತ್ತವೆ. ಅದಕ್ಕೆ ಡಿಸೈನ್ ಎಫೆಕ್ಟ್‌ನಿಂದ ಗುಣಿಸಬೇಕು: 1 + (ಹಾಸ್ಟೆಲಿಗೆ ಎಷ್ಟು ಮಂದಿ − 1) × ಒಳಸಾಮ್ಯದ ಗುಣಾಂಕ (ಒಂದೇ ಹಾಸ್ಟೆಲಿನವರ ಉತ್ತರ ಎಷ್ಟು ಹೋಲುತ್ತವೆ ಎಂಬ ಅಂಕಿ).

ಗುಣಾಂಕ 0.05 ಎಂದು ಇಟ್ಟುಕೊಳ್ಳಿ. ಹಾಸ್ಟೆಲಿಗೆ 20 ಮಂದಿಯಾದರೆ 1 + 19 × 0.05 = 1.95. 128 × 1.95 ಅಂದರೆ 250 ಮಂದಿ, 13 ಹಾಸ್ಟೆಲ್. ಹಾಸ್ಟೆಲಿಗೆ 10 ಮಂದಿಯಾದರೆ 1.45, ಆಗ 186 ಮಂದಿ ಸಾಕು, ಆದರೆ 19 ಹಾಸ್ಟೆಲ್ ಸುತ್ತಬೇಕು. ನಿಮ್ಮ ಕಾಲಾವಕಾಶಕ್ಕೆ ಗಂಡುಮಕ್ಕಳ 7, ಹೆಣ್ಣುಮಕ್ಕಳ 7 ಹಾಸ್ಟೆಲ್, ತಲಾ 20, ಒಟ್ಟು 280 ಹೊಂದುತ್ತದೆ. ಒಂದಷ್ಟು ಫಾರ್ಮ್ ಅರ್ಧಕ್ಕೇ ಬಿಟ್ಟದ್ದು ಬಂದರೂ ತಡೆಯುತ್ತದೆ. 100 ಮಂದಿ, ಐದೇ ಹಾಸ್ಟೆಲ್ ಎಂದರೆ ಪವರ್ ಶೇ. 40ರ ಆಸುಪಾಸಿಗೆ ಇಳಿಯುತ್ತದೆ. ಆಮೇಲೆ "ವ್ಯತ್ಯಾಸವಿಲ್ಲ" ಎಂದು ಬಂದರೆ ಇಲ್ಲವೋ ಕಾಣಲಿಲ್ಲವೋ ಹೇಳಲಾಗದು. ಒಂದು ಗಂಡುಮಕ್ಕಳ ಹಾಸ್ಟೆಲ್, ಒಂದು ಹೆಣ್ಣುಮಕ್ಕಳ ಹಾಸ್ಟೆಲ್ ಮಾತ್ರ ತೆಗೆದುಕೊಂಡರಂತೂ ಕಂಡ ವ್ಯತ್ಯಾಸ ಆ ಎರಡು ಕಟ್ಟಡಗಳದ್ದೇ ಇರಬಹುದು.

ಇಲ್ಲಿ ನಿಮಗೆ ನಿಜವಾದ ಸೆಕೆಂಡರಿ ಮೂಲ ಒಂದು ಒದಗುತ್ತದೆ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗಳಲ್ಲಿ ಹಾಸ್ಟೆಲ್‌ಗಳ ಪಟ್ಟಿ, ದಾಖಲಾತಿ ಇರುತ್ತದೆ. ವಿಭಾಗದ ಮುಖ್ಯಸ್ಥರ ಪತ್ರದೊಂದಿಗೆ ಕೇಳಿ, ಅನುಮತಿಗೆ ಮೂರು ವಾರವಾದರೂ ಇಟ್ಟುಕೊಳ್ಳಿ. ಆ ಪಟ್ಟಿಯಿಂದ ಚೀಟಿ ಎತ್ತಿ ಹಾಸ್ಟೆಲ್ ಆರಿಸಿ. ಹಾಸ್ಟೆಲಿನಲ್ಲಿ 80 ಡಿಗ್ರಿ ವಿದ್ಯಾರ್ಥಿಗಳಿದ್ದರೆ 80 ÷ 20 = 4; 1ರಿಂದ 4ರೊಳಗೆ ಒಂದು ಚೀಟಿ ಎತ್ತಿ, ಅಲ್ಲಿಂದ ಪ್ರತಿ ನಾಲ್ಕನೇ ಹೆಸರು. ಆರಿಸಿದವ ಸಿಗದಿದ್ದರೆ ಇನ್ನೊಮ್ಮೆ ಹೋಗಿ. ಪಕ್ಕದ ಕಾಟಿನವನನ್ನು ಕೂಡಿಸಬೇಡಿ. ಊರಿಗೆ ಹೋದವ, ರೂಮಿನಿಂದ ಹೊರಗೆ ಬಾರದವ, ಇಂಥವರೇ ನಿಮ್ಮ ವಿಷಯಕ್ಕೆ ಬಹಳ ಮುಖ್ಯ.

ಗೂಗಲ್ ಫಾರ್ಮ್ ಬೇಡ ಎನ್ನುವುದು ಇದೇ ಕಾರಣಕ್ಕೆ. ಗ್ರೂಪಿನಲ್ಲಿ ಯಾರಿಗೆ ಮನಸ್ಸಾಯಿತೋ ಅವರು ತುಂಬುತ್ತಾರೆ, ಲಿಂಕ್ ಹಾಸ್ಟೆಲಿನ ಆಚೆಗೂ ಹೋಗುತ್ತದೆ. ಒಬ್ಬರಿಗೆ ಒಂದೇ ಸಲ ಎಂದು ಕಟ್ಟಿದರೆ ಲಾಗಿನ್ ಕೇಳುತ್ತದೆ, ಗುರುತು ಗೊತ್ತಾಗುತ್ತದೆ ಎಂಬ ಅಂಜಿಕೆ ಶುರು. ಎಲ್ಲ ಪ್ರಶ್ನೆ ಕಡ್ಡಾಯ ಮಾಡಿದರೆ ಮುಂದೆ ಹೋಗಲು ಏನೋ ಒಂದು ಒತ್ತುತ್ತಾರೆ. ಕಾಗದದಲ್ಲಿ 19 ಪ್ರಶ್ನೆ ಕಾಲು ಗಂಟೆಯ ಕೆಲಸ. 14 ಹಾಸ್ಟೆಲುಗಳನ್ನೂ ಎರಡು ವಾರದೊಳಗೆ ಮುಗಿಸಿ, ಗಂಡು-ಹೆಣ್ಣು ಹಾಸ್ಟೆಲ್ ಒಂದು ಬಿಟ್ಟು ಒಂದು ಹೋಗಿ, ಪ್ರತಿ ಫಾರ್ಮಿನ ಮೇಲೆ ದಿನಾಂಕ ಬರೆಯಿರಿ. ಹುಡುಗಿಯರದ್ದು ಏಪ್ರಿಲ್ ಮೊದಲ ವಾರ, ಹುಡುಗರದ್ದು ಪರೀಕ್ಷೆಯ ವಾರ ಆದರೆ ನೀವು ಅಳೆದದ್ದು ಪರೀಕ್ಷೆಯನ್ನು.

ತೊಗರಿ_ಕಣಜ, ಕಲಬುರಗಿ

ಭಾಳ ಉಪಕಾರ ಆಯ್ತ್ರಿ. ಆ ಸಾಲು ತೆಗದೀನಿ. ಇನ್ನೆರಡು ಕೇಳ್ತೀನಿ. ಪಿಎಚ್‌ಕ್ಯೂ ಒಂಬತ್ತನೇ ಪ್ರಶ್ನೆ, ಸಾಯೋ ವಿಚಾರದ್ದು, ಅದಕ್ಕ ಯಾರರ "ದಿನಾಲೂ" ಅಂತ ಬರದ್ರ ಏನ್ ಮಾಡೋದು? ಹೆಸರು ಬರೆಸಂಗಿಲ್ಲಲ್ಲ. ಮತ್ತ ಹಾಸ್ಟೆಲ್ ಹಾಜರಿ ಪುಸ್ತಕ ತಗೊಂಡು ಅಂಕಗಳ ಜೋಡಿ ಹಚ್ಚಿ ನೋಡಬಹುದಾ?

ಭೀಮಾ_ದಂಡೆ

ಒಂಬತ್ತನೇ ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಹೊಣೆಗಾರರಾಗಬೇಕು. ಹೆಸರಿಲ್ಲದ ಫಾರ್ಮಿನಲ್ಲಿ "ದಿನಾಲೂ" ಎಂದು ಕಂಡರೆ ಆ ಹುಡುಗನನ್ನು ಹುಡುಕಲು ದಾರಿಯೇ ಇರುವುದಿಲ್ಲ. ಎರಡು ದಾರಿ ಇವೆ. ಆ ಪ್ರಶ್ನೆ ಬಿಟ್ಟ ಪಿಎಚ್‌ಕ್ಯೂ-8 ಬಳಸುವುದು: ಒಟ್ಟು 24, ಗಡಿ ಅದೇ 10, ಸಮುದಾಯ ಸಮೀಕ್ಷೆಗಳಲ್ಲಿ ಒಪ್ಪಿತ. ಅಥವಾ ಹೆಸರಿನ ಬದಲು ಕೋಡ್ ಹಾಕಿ, ಕೋಡ್-ಹೆಸರಿನ ಪಟ್ಟಿಯನ್ನು ಬೇರೆ ಕಡೆ ಬೀಗದಲ್ಲಿಟ್ಟು, ಅಂದೇ ಸಂಜೆ ಎಲ್ಲ ಫಾರ್ಮಿನ ಒಂಬತ್ತನೇ ಉತ್ತರ ನೋಡಿ, 1 ಅಥವಾ ಹೆಚ್ಚು ಇದ್ದವರನ್ನು ತರಬೇತಿ ಇರುವ ಆಪ್ತಸಮಾಲೋಚಕರು ಆಗಲೇ ಮಾತಾಡಿಸುವ ಏರ್ಪಾಡು ಮಾಡಿಕೊಳ್ಳುವುದು. ಹೀಗೆ ಮಾಡುತ್ತೇವೆಂದು ಒಪ್ಪಿಗೆ ಪತ್ರದಲ್ಲೇ ಬರೆಯಬೇಕು. ಆ ಏರ್ಪಾಡು ಕೈಯಲ್ಲಿಲ್ಲದಿದ್ದರೆ ಪಿಎಚ್‌ಕ್ಯೂ-8 ತೆಗೆದುಕೊಳ್ಳಿ, ಎರಡನೇ ಯೋಚನೆ ಬೇಡ. ಯಾವುದಾದರೂ ಸರಿ, ಪ್ರತಿಯೊಬ್ಬರಿಗೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಅಚ್ಚಾದ ಚೀಟಿ ಕೊಡಿ. ಅದರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ. ಎಲ್ಲರಿಗೂ ಕೊಡಬೇಕು. ಕೆಲವರಿಗೆ ಮಾತ್ರ ಕೊಟ್ಟರೆ ಉಳಿದವರ ಕಣ್ಣು ಅವರ ಮೇಲೆ ಬೀಳುತ್ತದೆ.

ಫಾರ್ಮ್ ತುಂಬುವಾಗ ವಾರ್ಡನ್ ಕೋಣೆಯಲ್ಲಿ ಇರಬಾರದು. ಅವರು ಬಾಗಿಲಲ್ಲಿ ನಿಂತರೂ ಸಾಲುಸಾಲಾಗಿ ಸೊನ್ನೆ ಬರುತ್ತವೆ. ಅನುಮತಿ ಪತ್ರದಲ್ಲೇ ಇದನ್ನು ಕೇಳಿಕೊಳ್ಳಿ. ಒಪ್ಪಿಗೆ ಪತ್ರ ಬೇರೆ ಹಾಳೆ, ಪ್ರಶ್ನಾವಳಿ ಬೇರೆ, ಮುಚ್ಚಿದ ಪೆಟ್ಟಿಗೆಗೆ ಅವರೇ ಹಾಕಲಿ. 18 ತುಂಬದವರನ್ನು ಸೇರಿಸಬೇಡಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಅವರಿಗೆ ಪೋಷಕರ ಒಪ್ಪಿಗೆ ಬೇಕು, ದುಡಿಯಲು ಪುಣೆ, ಹೈದರಾಬಾದ್‌ಗೆ ಹೋದ ತಂದೆ-ತಾಯಿಯ ಸಹಿ ನಾಲ್ಕು ತಿಂಗಳಲ್ಲಿ ಬಾರದು.

ಹಾಜರಿ ಪುಸ್ತಕ ಒಳ್ಳೆಯ ಯೋಚನೆ. ಅದು ಅಪ್ಪಟ ಸೆಕೆಂಡರಿ ಡೇಟಾ, ನಿಮ್ಮ ಪ್ರೈಮರಿ ಡೇಟಾಕ್ಕೆ ಕೂಡಿಕೊಳ್ಳುತ್ತದೆ. ವಿದ್ಯಾರ್ಥಿ ತನ್ನ ಬಾಯಲ್ಲೇ ಹೇಳಿದ ಒತ್ತಡಕ್ಕೆ ಬೇರೆಯವರು ಬರೆದ ದಾಖಲೆ ಎದುರಾದರೆ ಸಂಬಂಧಕ್ಕೆ ತೂಕ ಬರುತ್ತದೆ, ಎರಡೂ ಒಂದೇ ಬಾಯಿಂದ ಬಂದ ದೋಷ ಇರುವುದಿಲ್ಲ. ಆದರೆ ಪುಸ್ತಕವನ್ನು ಮೊದಲು ಪರೀಕ್ಷಿಸಿ. ತಿಂಗಳಿಡೀ ಒಂದೇ ಪೆನ್ನು, ಒಂದೇ ಓರೆ, ಭಾನುವಾರವೂ ಹಬ್ಬದ ದಿನವೂ ಭರ್ತಿ ಹಾಜರಿ ಕಂಡರೆ ಅದನ್ನು ಕೊನೆಗೆ ಒಟ್ಟಿಗೇ ತುಂಬಿದ್ದಾರೆ ಎಂದರ್ಥ, ಆ ಹಾಸ್ಟೆಲಿನದ್ದು ಬಿಡಿ. ಜೋಡಿಸಲು ಕೋಡ್ ಬೇಕಾಗುವುದರಿಂದ ವಿದ್ಯಾರ್ಥಿಯ ಒಪ್ಪಿಗೆಯಲ್ಲಿ "ನನ್ನ ಹಾಜರಿ ನೋಡಬಹುದು" ಎಂಬ ಪ್ರತ್ಯೇಕ ಸಾಲು, ಪ್ರತ್ಯೇಕ ಸಹಿ ಇರಲಿ. ಎಥಿಕ್ಸ್ ಕಮಿಟಿಗೆ ಇದನ್ನೂ ಬರೆದು ಕೊಡಿ. ದಾಖಲೆ ಈಗಾಗಲೇ ಇದೆ ಎಂದ ಮಾತ್ರಕ್ಕೆ ಅನುಮತಿಯ ಅಗತ್ಯ ತಪ್ಪುವುದಿಲ್ಲ.

ಬಿದರಿ_ಹೂಜಿ, ಬೀದರ್

ಎಂಟ್ರಿ ಬಗ್ಗೆ ಒಂದೇ ಮಾತು. ಎಕ್ಸೆಲ್ ಒಳಗ ಖಾಲಿ ಬಿಟ್ಟ ಉತ್ತರ ಖಾಲಿನೇ ಇಡ್ರಿ, 0 ಹಾಕಬ್ಯಾಡ್ರಿ. 0 ಅಂದ್ರ "ಒಮ್ಮೆಯೂ ಇಲ್ಲ" ಅನ್ನೋ ಉತ್ತರ. ಆದ್ರ ಸಮ್ ಫಾರ್ಮುಲಾ ಖಾಲಿ ಮನಿನ್ನ 0 ಅಂತನೇ ಹಿಡಿತದ, ಎರಡು ಪ್ರಶ್ನೆ ಬಿಟ್ಟವನ ಮೊತ್ತ ಸುಮ್ಮನ ಕಡಿಮಿ ಬರ್ತದ, ಯಾರಿಗೂ ಗೊತ್ತಾಗಂಗಿಲ್ಲ. ಅದಕ್ಕ ಪಕ್ಕದ ಕಾಲಂದಾಗ ಕೌಂಟ್ ಹಾಕಿ ಎಷ್ಟು ಉತ್ತರ ಅದಾವ ನೋಡ್ರಿ. ಒಂದೆರಡು ಖಾಲಿ ಇದ್ರ ಉಳಿದವುಗಳ ಸರಾಸರಿನ್ನ ಒಟ್ಟು ಪ್ರಶ್ನೆಗಳಿಂದ ಗುಣಿಸ್ರಿ. ಅದಕ್ಕಿಂತ ಹೆಚ್ಚಿದ್ರ ಆ ಫಾರ್ಮಿನ ಖಿನ್ನತೆ ಅಂಕ ಬಿಟ್ಟು, ಎಷ್ಟು ಬಿಟ್ರಿ ಅಂತ ವರದಿಯೊಳಗ ಬರೀರಿ. 280 ಫಾರ್ಮೂ ಎರಡು ಸಲ, ಬ್ಯಾರೆ ಬ್ಯಾರೆ ಹಾಳಿಯೊಳಗ ಎಂಟ್ರಿ ಮಾಡಿ, ಒಂದರಿಂದ ಇನ್ನೊಂದು ಕಳೀರಿ. ಎಲ್ಲಿ ಸೊನ್ನೆ ಬರಲಿಲ್ಲೋ ಆ ಫಾರ್ಮ್ ಮತ್ತ ತಗದು ನೋಡ್ರಿ.